ಗಂಟನ್ನು ಎಲ್ಲಿ ಬಿಚ್ಚಬೇಕು?

(ಅಂತಿಮ ಬಿ.ಎ. ವರ್ಗದ ಒಬ್ಬ ವಿದ್ಯಾರ್ಥಿ)

ಒಂದು ಕಡೆ ಬರೆದುದನ್ನು ಮತ್ತೊಂದು ಕಡೆಗೆ ಕೆಡದಂತೆ ಮುಟ್ಟಿಸುವದು ಮನುಷ್ಯನ ಬಹು ಹಳೆಯ ಚಿಂತೆಗಳಲ್ಲಿ ಒಂದು. ಇದಕ್ಕೆ ನಮ್ಮ ಮಸ್ಕಿಯ ಬಂಡೆಯೇ ಸಾಕ್ಷಿಯಾಗಿದೆ. ಪಾಟಲೀಪುತ್ರದ ದೊರೆಯ ಮಾತು ಇಷ್ಟು ದೂರ ನಡೆದು ಬಂದು ಇಲ್ಲಿಯ ಕಲ್ಲಿನ ಮೇಲೆ ಮೂಡಿ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಅದೇ ಮಾತಿನ ಪ್ರತಿಗಳು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇವೆ. ಆದರೆ ಆ ಕಲ್ಲುಗಳು ದೊರೆಯನ್ನು ಬಿರುದಿನಿಂದ ಮಾತ್ರ ಕರೆಯುತ್ತವೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬಿದ್ದ ಮಸ್ಕಿಯ ಪ್ರತಿಯಲ್ಲಿಯಾದರೋ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ಒಂದೇ ಸಂದೇಶವು ಹಲವು ಕಲ್ಲುಗಳಿಗೆ ಇಳಿಯುವಾಗ ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಬಿಟ್ಟುಹೋಗಿತ್ತು. ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದ ವಿದ್ವಾಂಸರಿಗೇ ಈ ಸಂಗತಿ ತಿಳಿದುಬಂದಿತು.

ಇಂದು ಕಲ್ಲಿನ ಸ್ಥಾನಕ್ಕೆ ಕಂಪ್ಯೂಟರಿನ ಫೋಲ್ಡರು ಬಂದಿದೆ. ಚಿಂತೆ ಮಾತ್ರ ಹಳೆಯದೇ. ಲಿನಕ್ಸ್ ನಡೆಸುವ ಕಂಪ್ಯೂಟರಿನ ಮುಂದೆ ಕುಳಿತು, ಜಿಪ್ ಮಾಡಿದ ಗಂಟೊಂದನ್ನು ನೆಟ್‌ವರ್ಕಿನ ಆಚೆಗಿರುವ ಇನ್ನೊಂದು ಯಂತ್ರದ ಫೋಲ್ಡರಿನಲ್ಲಿ ನೇರವಾಗಿ ಬಿಚ್ಚಹೋದರೆ ಅದು ಅನೇಕ ಸಲ ಏಕೆ ಕೈಕೊಡುತ್ತದೆ, ಹಾಗೆ ಕೈಕೊಟ್ಟಾಗ ನಾವು ಮಾಡಬೇಕಾದದ್ದೇನು ಎಂಬುದೇ ಈ ಲೇಖನದ ವಿಷಯ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ಯಂತ್ರದ ಮಾತೇಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಅವರ ಸಂದೇಹಕ್ಕೆ ಮೊದಲು ಉತ್ತರ ಹೇಳುವದು ನ್ಯಾಯ.

ನಮ್ಮ ಇತಿಹಾಸ ವಿಭಾಗದವರು ವೀರಗಲ್ಲುಗಳ ಚಿತ್ರ ತೆಗೆಯುತ್ತಾರೆ. ಕನ್ನಡ ವಿಭಾಗದವರು ಬೀಸುವ ಪದ, ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಾರೆ. ಸಮಾಜಶಾಸ್ತ್ರದವರು ಮನೆಮನೆಯ ಪ್ರಶ್ನಾವಳಿ ತುಂಬಿಸುತ್ತಾರೆ. ಇವೆಲ್ಲವೂ ಕೊನೆಗೆ ಫೈಲುಗಳಾಗುತ್ತವೆ. ನೂರಾರು ಫೈಲುಗಳನ್ನು ಬಿಡಿಬಿಡಿಯಾಗಿ ಕಳಿಸುವದು ಕಷ್ಟವಾದ್ದರಿಂದ ಅವನ್ನು ಜಿಪ್ ಎಂಬ ಗಂಟಿನಲ್ಲಿ ಕಟ್ಟುತ್ತೇವೆ. ಆ ಗಂಟು ಹೋಗಿ ಸೇರುವದು ಗ್ರಂಥಾಲಯದ ಅಥವಾ ಕಚೇರಿಯ ಹಂಚಿಕೆಯ ಫೋಲ್ಡರನ್ನು. ಆದುದರಿಂದ ಗಂಟು ಬಿಚ್ಚುವ ವಿದ್ಯೆಯು ವಿಜ್ಞಾನದವರಿಗೆಷ್ಟು ಬೇಕೋ ನಮಗೂ ಅಷ್ಟೇ ಬೇಕು. ನಮ್ಮ ಗಂಟಿನೊಳಗಿನ ಸರಕು ಒಮ್ಮೆ ಹೋದರೆ ಮತ್ತೆ ಸಿಗುವಂಥದಲ್ಲವಾದ್ದರಿಂದ ಇನ್ನೂ ಒಂದು ಗುಂಜಿ ಹೆಚ್ಚೇ ಬೇಕೆಂದು ನನ್ನ ಅಭಿಪ್ರಾಯ.

ಲಿನಕ್ಸೇ ಏಕೆಂದು ಕೇಳುವವರೂ ಇದ್ದಾರೆ. ವಿಂಡೋಸ್ 10ಕ್ಕೆ ಅದನ್ನು ಮಾಡಿದ ಕಂಪನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯು ಅನೇಕ ಹಳೆಯ ಕಂಪ್ಯೂಟರುಗಳನ್ನು ಒಪ್ಪುವದಿಲ್ಲ. ತಾಲೂಕು ಊರುಗಳ ಶಾಲೆ ಕಾಲೇಜುಗಳಲ್ಲಿ ಹಳೆಯ ಯಂತ್ರವನ್ನು ಎಸೆದು ಹೊಸದನ್ನು ಕೊಳ್ಳುವ ಐಶ್ವರ್ಯ ಎಲ್ಲಿಂದ ಬರಬೇಕು? ಲಿನಕ್ಸಾದರೋ ಹಣ ಕೇಳುವದಿಲ್ಲ, ಹಳೆಯ ಯಂತ್ರವನ್ನು ಹೀಗಳೆಯುವದೂ ಇಲ್ಲ. 1991ರಲ್ಲಿ ಅದನ್ನು ಬರೆಯತೊಡಗಿದ ಲಿನಸ್ ಟೊರ್ವಾಲ್ಡ್ಸರು ಆಗ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿ ಎಂಬುದನ್ನು ನನ್ನ ಓರಗೆಯವರು ನೆನೆಯಬೇಕು.

ಈಗ ಕೆಡುಕಿನ ಕಡೆಗೆ ಬರೋಣ. ಹೆಸರು ಹೇಳುವದು ಬೇಡ. ನಮ್ಮ ಕಡೆಯ ಒಂದು ಸಂಸ್ಥೆಯಲ್ಲಿ ನಡೆದದ್ದಿದು. ಹಳ್ಳಿಗಳಲ್ಲಿ ಸಂಗ್ರಹಿಸಿದ ಹಾಡುಗಳ ದೊಡ್ಡ ಗಂಟೊಂದನ್ನು ಅಲ್ಲಿಯವರು ಲಿನಕ್ಸ್ ಯಂತ್ರದಿಂದ ಇನ್ನೊಂದು ಕೋಣೆಯ ಸರ್ವರಿನ ಫೋಲ್ಡರಿಗೆ ನೇರವಾಗಿ ಬಿಚ್ಚಿದರು. ಪಟ್ಟಿಯು ಕೊನೆಯವರೆಗೆ ಓಡಿತು. ಇಂಗ್ಲಿಷಿನಲ್ಲಿ ಏನೋ ಒಂದು ಸೂಚನೆ ಬಂದಿತು. ಅದನ್ನು ಓದದೆ ಮುಚ್ಚಿದರು. ಫೋಲ್ಡರಿನಲ್ಲಿ ಹೆಸರುಗಳೆಲ್ಲ ಕಾಣುತ್ತಿದ್ದುದರಿಂದ ಜಾಗ ಉಳಿಯಲೆಂದು ಮೂಲ ಗಂಟನ್ನೂ ಅಳಿಸಿದರು. ಕೆಲವು ತಿಂಗಳ ಮೇಲೆ ಹಾಡು ಕೇಳಹೋದಾಗ ಎಷ್ಟೋ ಫೈಲುಗಳ ಗಾತ್ರ ಸೊನ್ನೆ! ಹೆಸರಿತ್ತು, ದನಿ ಇರಲಿಲ್ಲ. ಅಷ್ಟರಲ್ಲಿ ಮೊಬೈಲುಗಳಲ್ಲಿದ್ದುದೂ ಅಳಿದುಹೋಗಿತ್ತು. ಹಾಡಿದ ಅಜ್ಜಿಯರಲ್ಲಿ ಒಬ್ಬಿಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಅವರ ಹಾಡನ್ನು ಇನ್ನು ಯಾವ ಯಂತ್ರವೂ ಮರಳಿ ಕೊಡಲಾರದು.

ಇದಕ್ಕೆ ‘ಕಂಪ್ಯೂಟರ್ ಕೆಟ್ಟಿತು’ ಎಂದು ಒಂದೇ ಮಾತಿನಲ್ಲಿ ಷರಾ ಬರೆದು ಕೈತೊಳೆದುಕೊಳ್ಳುವದು ನಮ್ಮಲ್ಲಿ ವಾಡಿಕೆ. ಆ ಮಾತಿನಲ್ಲಿ ವಿಚಾರವೆಂಬುದಿಲ್ಲ. ಕೆಟ್ಟದ್ದು ಯಾವದು? ಗಂಟೋ, ದಾರಿಯೋ, ಆಚೆಯ ಮನೆಯೋ, ಬಾಗಿಲ ಕಾವಲೋ? ಇದನ್ನು ಬೇರೆ ಬೇರೆ ಮಾಡಿ ನೋಡುವದೇ ವಿದ್ಯಾವಂತನ ಲಕ್ಷಣ.

ಮೊದಲು ದಾರಿಯನ್ನು ತಿಳಿಯೋಣ. ಲಿನಕ್ಸಿನ ಫೈಲು ಕಿಟಕಿಯಲ್ಲಿ ದೂರದ ಫೋಲ್ಡರು ನಮ್ಮ ಮನೆಯ ಫೋಲ್ಡರಿನಂತೆಯೇ ಕಾಣುತ್ತದೆ. ಇದೊಂದು ಸವಿಯಾದ ಭ್ರಮೆ. ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ 2008ರಿಂದ ಜಿವಿಎಫ್‌ಎಸ್ ಎಂಬ ಮಧ್ಯಸ್ಥನಿದ್ದಾನೆ. ಕೆಡಿಇ ಎಂಬುದರಲ್ಲಿ ಕೆಐಓ ಎಂಬವನಿದ್ದಾನೆ. ಗಂಜ್‌ನ ದಲಾಲರು ರೈತನಿಗೂ ಖರೀದಿದಾರನಿಗೂ ನಡುವೆ ನಿಂತು ವ್ಯವಹಾರ ನಡೆಸುವಂತೆ ಈ ಮಧ್ಯಸ್ಥನು ನಮ್ಮ ಕಿಟಕಿಗೂ ದೂರದ ಯಂತ್ರಕ್ಕೂ ನಡುವೆ ನಿಂತು ಮಾತನಾಡುತ್ತಾನೆ. ಅವನ ಭಾಷೆ ಬಲ್ಲ ಪ್ರೋಗ್ರಾಮುಗಳಿಗೆ ತೊಂದರೆಯಿಲ್ಲ. ಟಾರ್, ಅನ್‌ಜಿಪ್ ಮೊದಲಾದ ಹಿರಿಯ ಪ್ರೋಗ್ರಾಮುಗಳಿಗೆ ಆ ಭಾಷೆ ಬಾರದು. ಟಾರ್ ಎಂಬುದಾದರೂ 1979ರ ಯುನಿಕ್ಸ್ ಕಾಲದಿಂದ ಬಂದದ್ದು. ಅದಕ್ಕೆ ಡಿಸ್ಕಿನ ಮೇಲಿನ ನೇರ ದಾರಿ ಮಾತ್ರ ಗೊತ್ತು. ಇಂಥವರಿಗಾಗಿ ಫ್ಯೂಸ್ ಎಂಬ ಹಿಂಬಾಗಿಲೊಂದನ್ನು ಇಟ್ಟಿದ್ದಾರೆ. ಆ ಬಾಗಿಲಿನ ತುಣುಕನ್ನು ಯಂತ್ರದಲ್ಲಿ ಕೂಡಿಸಿರದಿದ್ದರೆ ಹಿರಿಯ ಪ್ರೋಗ್ರಾಮು ‘ಅಂಥ ಫೋಲ್ಡರೇ ಇಲ್ಲ’ ಎಂದು ಹೇಳುತ್ತದೆ. ಕಣ್ಣೆದುರಿಗೆ ಕಾಣುವ ಫೋಲ್ಡರನ್ನು ಇಲ್ಲವೆನ್ನುತ್ತದಲ್ಲಾ ಎಂದು ಹೊಸಬನು ಕಂಗಾಲಾಗುತ್ತಾನೆ. ಅದು ಸುಳ್ಳು ಹೇಳುತ್ತಿಲ್ಲ. ಅದರ ಕಣ್ಣಿಗೆ ಅದು ನಿಜವಾಗಿಯೂ ಇಲ್ಲ.

ಗಂಟು ಬಿಚ್ಚುವ ಕೆಲವು ಪ್ರೋಗ್ರಾಮುಗಳು ಇನ್ನೊಂದು ಉಪಾಯ ಮಾಡುತ್ತವೆ. ದೂರದ ಫೋಲ್ಡರಿಗೆ ಬಿಚ್ಚೆಂದರೆ ಅವು ಮೊದಲು ನಮ್ಮ ಯಂತ್ರದಲ್ಲಿಯೇ ಒಂದು ತಾತ್ಕಾಲಿಕ ಮೂಲೆಯಲ್ಲಿ ಬಿಚ್ಚಿ, ಆಮೇಲೆ ಒಂದೊಂದಾಗಿ ಆಚೆಗೆ ಸಾಗಿಸುತ್ತವೆ. ಆಚೆಯ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಈಚೆಯ ಡಿಸ್ಕು ತುಂಬಿದ್ದರೆ ಕೆಲಸ ನಡುವೆ ನಿಲ್ಲುವದು ಇದರಿಂದಲೇ. ‘ಜಾಗವಿಲ್ಲ’ ಎಂಬ ಸೂಚನೆ ಬಂದಾಗ ಎರಡೂ ಮನೆಗಳ ಜಾಗವನ್ನು ನೋಡಬೇಕು.

ಎರಡನೆಯದು ಅನುಮತಿಯ ಪ್ರಶ್ನೆ. ಹಂಚಿಕೆಯ ಫೋಲ್ಡರಿಗೆ ಎರಡು ಬೀಗಗಳಿರುತ್ತವೆ. ಹಂಚಿಕೆಯ ನಿಯಮ ಒಂದು. ಆಚೆಯ ಡಿಸ್ಕಿನ ಮೇಲೆ ಆ ಫೋಲ್ಡರಿಗಿರುವ ಒಡೆತನ ಇನ್ನೊಂದು. ಒಂದು ತೆರೆದು ಇನ್ನೊಂದು ಮುಚ್ಚಿದ್ದರೆ ನೋಡಲು ಬರುತ್ತದೆ, ಬರೆಯಲು ಬರುವದಿಲ್ಲ. ಇದನ್ನು ಪರೀಕ್ಷಿಸುವದು ಬಹಳ ಸುಲಭ: ಅಲ್ಲಿ ಒಂದು ಖಾಲಿ ಫೈಲನ್ನು ಹುಟ್ಟಿಸಿ ನೋಡಿದರಾಯಿತು. ಅದು ಹುಟ್ಟದಿದ್ದರೆ ಗಂಟಿನದು ತಪ್ಪಿಲ್ಲವೆಂದು ಕೂಡಲೇ ತಿಳಿಯುತ್ತದೆ. ಇನ್ನು, ಯಂತ್ರದ ಮೇಲ್ವಿಚಾರಕರು ದೂರದ ಫೋಲ್ಡರನ್ನು ಸಿಐಎಫ್‌ಎಸ್ ವಿಧಾನದಿಂದ ನಮ್ಮ ಡಿಸ್ಕಿನ ಮರಕ್ಕೇ ಜೋಡಿಸಿ ಕೊಡುವದುಂಟು. ಆಗ ಹಿರಿಯ ಕಿರಿಯ ಎಲ್ಲ ಪ್ರೋಗ್ರಾಮುಗಳಿಗೂ ಅದು ಮನೆಯ ಕೋಣೆಯೇ ಆಗುತ್ತದೆ. ಹಾಗೆ ಜೋಡಿಸುವಾಗ ಬಳಸುವವನ ಗುರುತಿನ ಸಂಖ್ಯೆಯನ್ನು ಹೇಳದೆ ಬಿಟ್ಟರೆ ಮಾತ್ರ ಒಡೆತನವು ರೂಟ್ ಎಂಬ ಯಜಮಾನನಿಗೆ ಹೋಗಿ ನಮಗೆ ಬರೆಯುವ ಹಕ್ಕು ಇಲ್ಲವಾಗಬಹುದು.

ಇಲ್ಲಿ ಒಂದು ಸಣ್ಣ ಎಚ್ಚರಿಕೆ ಸಲ್ಲುತ್ತದೆ. ಟಾರ್ ಗಂಟಿನೊಳಗೆ ಫೈಲುಗಳ ಜೊತೆಗೆ ಅವುಗಳ ಒಡೆಯ, ಅನುಮತಿ, ತಾರೀಖುಗಳೂ ಕಟ್ಟಿರುತ್ತವೆ. ದೂರದ ಫೋಲ್ಡರು ಇವನ್ನು ಒಪ್ಪಿಕೊಳ್ಳದಿದ್ದಾಗ ಟಾರ್ ಸಾಲುಸಾಲಾಗಿ ದೂರು ಹೇಳುತ್ತದೆ. ಅಷ್ಟಕ್ಕೇ ಎದೆಗುಂದಬೇಕಾಗಿಲ್ಲ, ಒಳಗಿನ ಸರಕು ಪೂರ್ತಿಯಾಗಿ ಮುಟ್ಟಿರಲೂ ಸಾಕು. ಪ್ರತಿಯೊಂದು ದೂರನ್ನೂ ಓದಿ, ಯಾವದು ತೂಕದ್ದು, ಯಾವದು ಹಗುರಾದದ್ದು ಎಂದು ಬೇರ್ಪಡಿಸುವದನ್ನು ಕಲಿಯಬೇಕು. ಎಲ್ಲಕ್ಕೂ ಹೆದರುವವನೂ ಯಾವದನ್ನೂ ಓದದವನೂ ಇಬ್ಬರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ.

ಮೂರನೆಯದು ಹೆಸರಿನ ಸಂಕಟ. ಇದು ಕನ್ನಡಿಗರಾದ ನಮಗೆ ವಿಶೇಷವಾಗಿ ಸೇರಿದ್ದು. ಇಂದಿನ ಲಿನಕ್ಸ್ ಯಂತ್ರಗಳು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು ಬೇಕು. ಒತ್ತು, ಗುಣಿತಗಳೂ ಬೇರೆ ಬೇರೆ ಸಂಕೇತಗಳೇ. ಹೀಗಾಗಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, ಅಂದರೆ 18 ಬೈಟು. ‘ಮಸ್ಕಿ’ಗೆ 15, ‘ಸಿಂಧನೂರು’ ಎನ್ನಲು 24, ‘ಲಿಂಗಸುಗೂರು’ ಎನ್ನಲು 30 ಬೈಟು. ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಗಳಲ್ಲಿ ಫೈಲಿನ ಹೆಸರು 255 ಬೈಟುಗಳನ್ನು ಮೀರಬಾರದು. ವಿಂಡೋಸಿನಲ್ಲಿಯೂ ಮಿತಿ 255 ಎಂದೇ ಇದ್ದರೂ ಅಲ್ಲಿ ಎಣಿಸುವದು ಸಂಕೇತಗಳನ್ನು. ಈ ವ್ಯತ್ಯಾಸವೇ ನಮಗೆ ಮುಳ್ಳಾಗುತ್ತದೆ.

ಒಂದು ನಿದರ್ಶನ ನೋಡಿರಿ. ನಮ್ಮ ಗೆಳೆಯನೊಬ್ಬನು ತನ್ನ ಧ್ವನಿ ಫೈಲಿಗೆ ‘ಲಿಂಗಸುಗೂರು ತಾಲೂಕಿನ ಹಳ್ಳಿಯೊಂದರಲ್ಲಿ ಮದುವೆಯ ಸಂದರ್ಭದಲ್ಲಿ ಹೆಣ್ಣುಮಕ್ಕಳು ಹಾಡಿದ ಸೋಬಾನೆ ಪದಗಳು ಮೊದಲನೆಯ ಭಾಗ’ ಎಂದು ಅಕ್ಕರೆಯಿಂದ ಹೆಸರಿಟ್ಟನೆನ್ನೋಣ. ಕೊನೆಯ ಎಂಪಿ3 ಎಂಬ ಬಾಲವನ್ನೂ ಅದರ ಚುಕ್ಕೆಯನ್ನೂ ಸೇರಿಸಿ ಎಣಿಸಿದರೆ ಇದು ಸರಿಯಾಗಿ 100 ಸಂಕೇತ. ವಿಂಡೋಸ್ ಯಂತ್ರದಲ್ಲಿ ನಿರಾತಂಕವಾಗಿ ಕುಳಿತುಕೊಳ್ಳುತ್ತದೆ. ಲಿನಕ್ಸಿನಲ್ಲಿ ಅದೇ ಹೆಸರು 272 ಬೈಟು. ‘ಹೆಸರು ಬಹಳ ಉದ್ದ’ ಎಂದು ಆ ಹಾಡು ಹೊರಗೇ ಉಳಿಯುತ್ತದೆ. ಹೆಸರನ್ನು ಚಿಕ್ಕದು ಮಾಡಿ, ವಿವರವನ್ನು ಒಂದು ಪಟ್ಟಿಯಲ್ಲಿ ಬೇರೆ ಬರೆದಿಡುವದು ಇದಕ್ಕೆ ಸುಲಭ ಪರಿಹಾರ. ಹೆಸರನ್ನು ಇಂಗ್ಲಿಷಿಗೆ ತಿರುಗಿಸಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ನಾನು ಒಪ್ಪಲಾರೆ. ಕನ್ನಡ ಲಿಪಿಯು 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡಿನಲ್ಲಿದೆ. ಇಷ್ಟು ವರ್ಷಗಳ ಮೇಲೂ ನಮ್ಮ ಹಾಡಿಗೆ ನಮ್ಮ ಹೆಸರಿಡಲು ನಾವು ಹೆದರಬೇಕೆ?

ಹಳೆಯ ಗಂಟುಗಳ ಕಥೆ ಬೇರೆ. ಜಿಪ್ ಹುಟ್ಟಿದ್ದು 1989ರಲ್ಲಿ. ಹೆಸರುಗಳನ್ನು ಯುಟಿಎಫ್-8ರಲ್ಲಿ ಬರೆದಿದೆಯೆಂದು ತಿಳಿಸುವ ಗುರುತು ಅದರ ನಿಯಮಾವಳಿಗೆ ಸೇರಿದ್ದು 2006ರಲ್ಲಿ. ಆ ಗುರುತಿಲ್ಲದ ಗಂಟುಗಳಿಂದ ಕನ್ನಡದ ಹೆಸರುಗಳು ಚಿತ್ರವಿಚಿತ್ರ ಗೆರೆಗಳಾಗಿ ಹೊರಬರಬಹುದು. ಅಂಥವನ್ನು ದೂರದ ಫೋಲ್ಡರಿಗೆ ಸುರಿಯುವ ಮೊದಲು ಮನೆಯಲ್ಲಿಯೇ ಬಿಚ್ಚಿ ಹೆಸರು ತಿದ್ದಿಕೊಳ್ಳುವದು ಕ್ಷೇಮ. ಹಾಗೆಯೇ ಆಚೆಯದು ವಿಂಡೋಸ್ ಯಂತ್ರವಾಗಿದ್ದರೆ ಹೆಸರಿನಲ್ಲಿ ವಿವರಣ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಮೊದಲಾದವು ಇರಕೂಡದು. ಹಾಡು ಹಿಡಿದ ವೇಳೆಯನ್ನು ‘10:30’ ಎಂದು ಹೆಸರಿನಲ್ಲಿ ಬರೆದರೆ ಲಿನಕ್ಸ್ ಸುಮ್ಮನಿರುತ್ತದೆ. ವಿಂಡೋಸ್ ಬಾಗಿಲಲ್ಲಿಯೇ ತಡೆಯುತ್ತದೆ.

ನಾಲ್ಕನೆಯದು ಆಚೆಯ ಮನೆಯ ಮುಪ್ಪು. ಹಳೆಯ ನೆಟ್‌ವರ್ಕ್ ಡಿಸ್ಕ್ ಡಬ್ಬಿಗಳು ಕೆಲವು ಎಸ್‌ಎಂಬಿ ಭಾಷೆಯ ಮೊದಲನೆಯ ಆವೃತ್ತಿಯನ್ನು ಮಾತ್ರ ಬಲ್ಲವು. ಆ ಆವೃತ್ತಿಯ ದೋಷವನ್ನೇ ಹಿಡಿದು 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನ ಅನೇಕ ಆಸ್ಪತ್ರೆ, ಕಚೇರಿಗಳನ್ನು ಹಾಳುಗೆಡವಿತು. ಅದೇ ವರ್ಷ ಲಿನಕ್ಸಿನ ತಿರುಳೂ, 2019ರಲ್ಲಿ ಸಾಂಬಾ ಎಂಬ ತಂತ್ರಾಂಶವೂ ಆ ಹಳೆಯ ಭಾಷೆಯನ್ನು ತಾವಾಗಿ ಆಡುವದನ್ನು ಬಿಟ್ಟವು. ನಿನ್ನೆಯವರೆಗೆ ತೆರೆಯುತ್ತಿದ್ದ ಡಬ್ಬಿಯು ಹೊಸ ಲಿನಕ್ಸ್ ಕೂಡಿಸಿದ ಮರುದಿನ ತೆರೆಯದಿದ್ದರೆ ಕಾರಣ ಇದಾಗಿರಬಹುದು. ಹಳೆಯ ಬಾಗಿಲನ್ನು ಬಲವಂತದಿಂದ ತೆರೆಯುವದಕ್ಕಿಂತ ಡಬ್ಬಿಯೊಳಗಿನ ಸರಕನ್ನು ಬೇರೆಡೆಗೆ ಸಾಗಿಸಿ ಅದಕ್ಕೆ ವಿಶ್ರಾಂತಿ ಕೊಡುವದು ಒಳ್ಳೆಯದು. ಆಚೆಯ ಡಿಸ್ಕು ಫ್ಯಾಟ್32 ರೀತಿಯದಾಗಿದ್ದರೆ 4 ಜಿಬಿಗೆ ಮೀರಿದ ಒಂದೇ ಫೈಲನ್ನು ಅದು ಹಿಡಿಸಿಕೊಳ್ಳಲಾರದು ಎಂಬುದೂ ನೆನಪಿನಲ್ಲಿರಲಿ. ಬಯಲಾಟದ ಇಡೀ ರಾತ್ರಿಯ ವಿಡಿಯೋ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಐದನೆಯದು ದಾರಿಯ ದೌರ್ಬಲ್ಯ. ಸಣ್ಣ ಸಣ್ಣ ಫೈಲುಗಳನ್ನು ದೂರದಲ್ಲಿ ಬಿಚ್ಚುವಾಗ ಪ್ರತಿಯೊಂದಕ್ಕೂ ‘ತೆರೆಯಲೇ, ಬರೆಯಲೇ, ಮುಚ್ಚಲೇ’ ಎಂದು ಹಲವು ಸಲ ಹೋಗಿಬರುವ ಮಾತುಕತೆ ನಡೆಯುತ್ತದೆ. ಒಂದು ಫೈಲಿಗೆ ಐದು ಸಲ, ಒಂದು ಸಲಕ್ಕೆ 20 ಮಿಲಿಸೆಕೆಂಡು ಎಂದು ಹಿಡಿದರೆ 10,000 ಫೈಲುಗಳಿಗೆ 1,000 ಸೆಕೆಂಡು, ಎಂದರೆ ಹದಿನಾರು ನಿಮಿಷಕ್ಕೂ ಮೇಲ್ಪಟ್ಟು ಬರಿಯ ಕಾಯುವದರಲ್ಲಿಯೇ ಕಳೆಯಿತು. ಆ ಹದಿನಾರು ನಿಮಿಷದಲ್ಲಿ ನಮ್ಮೂರ ಕರೆಂಟು ಒಮ್ಮೆ ಕಣ್ಣು ಮಿಟುಕಿಸದೆ ಇರುವದೇ ಎಂಬ ಪ್ರಶ್ನೆಗೆ ವಾಚಕರೇ ಉತ್ತರ ಹೇಳಲಿ! ಹೆಸರು ಬರೆದಾದ ಮೇಲೆ, ಸರಕು ತುಂಬುವ ಮೊದಲು ದಾರಿ ಕಡಿದರೆ ಸೊನ್ನೆ ಗಾತ್ರದ ಫೈಲು ಉಳಿಯುತ್ತದೆ.

ಇಷ್ಟೆಲ್ಲ ಕಾರಣಗಳನ್ನು ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಗಂಟನ್ನು ದಾರಿಯ ಮೇಲೆ ಬಿಚ್ಚಬಾರದು. ಈಚೆಯ ಮನೆಯಲ್ಲಿ ಬಿಚ್ಚಬೇಕು, ಇಲ್ಲವೆ ಗಂಟನ್ನು ಗಂಟಾಗಿಯೇ ಸಾಗಿಸಿ ಆಚೆಯ ಮನೆಯೊಳಗೆ ಬಿಚ್ಚಬೇಕು. ಹಟ್ಟಿಯ ಗಣಿಯಲ್ಲಿ ಅದಿರನ್ನು ಸುರಂಗದೊಳಗೇ ಸೋಸುವದಿಲ್ಲ. ಮೇಲಕ್ಕೆ ತಂದು, ಸಲಕರಣೆಯಿದ್ದ ಕಡೆ ಅರೆದು ಚಿನ್ನ ತೆಗೆಯುತ್ತಾರೆ. ಲಿಂಗಸುಗೂರು ತಾಲೂಕಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಚೆಯಲ್ಲಿ ಬಿಚ್ಚುವದಾದರೆ, ಬಿಚ್ಚಿದ ಫೋಲ್ಡರನ್ನು ಆರ್‌ಸಿಂಕ್ ಎಂಬ ಪ್ರೋಗ್ರಾಮಿನಿಂದ ಸಾಗಿಸುವದು ಉತ್ತಮ. ನಡುವೆ ದಾರಿ ಕಡಿದರೆ ಅದನ್ನೇ ಮತ್ತೊಮ್ಮೆ ಓಡಿಸಿದರಾಯಿತು. ಮುಟ್ಟಿದ್ದನ್ನು ಬಿಟ್ಟು ಮುಟ್ಟದ್ದನ್ನು ಮಾತ್ರ ಕಳಿಸುತ್ತದೆ. ಕೇಳಿಕೊಂಡರೆ ಎರಡೂ ಕಡೆಯ ಸರಕನ್ನು ಒಳಹೊಕ್ಕು ತಾಳೆ ನೋಡುತ್ತದೆ. 1992ರಲ್ಲಿ ಸಾಂಬಾ ತಂತ್ರಾಂಶವನ್ನು ಆರಂಭಿಸಿದ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಅವರೇ 1996ರಲ್ಲಿ ಸಂಗಡಿಗ ಪಾಲ್ ಮೆಕೆರಸ್ ಅವರೊಡನೆ ಇದನ್ನೂ ಕೊಟ್ಟರು. ಆಚೆಯ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಪ್ರವೇಶವಿದ್ದರೆ ಎರಡನೆಯ ದಾರಿಯೇ ಇನ್ನೂ ಹಗುರ: ಒಂದೇ ಗಂಟು ಹೋಗುತ್ತದೆ, ಹತ್ತು ಸಾವಿರ ಮಾತುಕತೆಗಳು ಉಳಿಯುತ್ತವೆ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ನನ್ನ ತಂದೆಯವರು ಸಿಂಧನೂರಿನ ಗಂಜ್‌ನಲ್ಲಿ ಹಮಾಲಿ ಮಾಡುವವರು. ಅಕ್ಷರ ಬಾರದು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಆದರೂ ಭತ್ತದ ಚೀಲಗಳನ್ನು ಲಾರಿಗೆ ಏರಿಸುವಾಗ ಒಂದು ಸಲ, ಇಳಿಸುವಾಗ ಒಂದು ಸಲ ಎಣಿಸದೆ ಅವರು ಯಾವ ಚೀಟಿಗೂ ಹೆಬ್ಬೆಟ್ಟು ಒತ್ತಿದ್ದನ್ನು ನಾನು ಕಂಡಿಲ್ಲ. ಓದಿದವರಾದ ನಾವು ಪರದೆಯ ಮೇಲಿನ ಪಟ್ಟಿ ತುದಿ ಮುಟ್ಟಿತೆಂಬ ಒಂದೇ ನಂಬಿಕೆಯ ಮೇಲೆ ಮೂಲವನ್ನು ಅಳಿಸಿಬಿಡುತ್ತೇವೆ. ಇಲ್ಲಿ ಯಾರು ಅಕ್ಷರಸ್ಥರು, ಯಾರು ನಿರಕ್ಷರಿಗಳು?

ಎಣಿಸುವದು ಕಷ್ಟದ ಕೆಲಸವೂ ಅಲ್ಲ. ಜಿಪ್ ಗಂಟು ಕಟ್ಟುವಾಗಲೇ ಪ್ರತಿಯೊಂದು ಫೈಲಿಗೂ ಸಿಆರ್‌ಸಿ ಎಂಬ ತಾಳೆಯ ಅಂಕೆಯನ್ನು ಒಳಗೆ ಬರೆದಿರುತ್ತದೆ. ಬಿಚ್ಚುವ ಮೊದಲು ಅನ್‌ಜಿಪ್ ಪ್ರೋಗ್ರಾಮಿಗೆ ‘ಪರೀಕ್ಷಿಸು’ ಎಂದರೆ ಅದು ಗಂಟಿನ ಆರೋಗ್ಯವನ್ನು ಹೇಳುತ್ತದೆ. ಬಿಚ್ಚಿದ ಮೇಲೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ, ಸೊನ್ನೆ ಗಾತ್ರದವು ಉಂಟೇ ಎಂಬ ಮೂರನ್ನು ನೋಡುವದು ಎರಡು ನಿಮಿಷದ ಕೆಲಸ. ತೀರ ಬೆಲೆಯುಳ್ಳ ಸರಕಾದರೆ ಶಾ-256 ಎಂಬ ಮುದ್ರೆಯಂಕೆಯನ್ನು ಎರಡೂ ಕಡೆ ತೆಗೆದು ಹೋಲಿಸಬಹುದು. ಒಂದು ಬಿಂದು ಬದಲಾದರೂ ಆ ಅಂಕೆ ಬದಲಾಗುತ್ತದೆ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ‘ವಾಟ್ಸ್‌ಆ್ಯಪಿನಲ್ಲಿ ಕಳಿಸಿದರಾಗದೆ?’ ಎನ್ನುತ್ತಾರೆ. ಚಿತ್ರವನ್ನು ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಶಾಸನದ ಸವೆದ ಅಕ್ಷರವನ್ನು ಓದಬೇಕಾದವನಿಗೆ ಕುಗ್ಗಿದ ಚಿತ್ರದಿಂದ ಏನು ಪ್ರಯೋಜನ? ‘ಕ್ಲೌಡ್ ಇದೆಯಲ್ಲ’ ಎನ್ನುವವರಿದ್ದಾರೆ. ಅದೂ ಬೇರೊಬ್ಬರ ಯಂತ್ರದ ಫೋಲ್ಡರೇ. ದಾರಿ ಇನ್ನೂ ದೂರದ್ದು, ಎಣಿಕೆ ಅಲ್ಲಿಯೂ ತಪ್ಪದು. ‘ವಿಂಡೋಸಿನಲ್ಲಿ ಈ ರಗಳೆಯಿಲ್ಲ’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಲ್ಲಿ ದೂರದ ಫೋಲ್ಡರಿಗೆ ಒಂದು ಅಕ್ಷರದ ಹೆಸರು ಕೊಟ್ಟು ಡ್ರೈವಿನಂತೆ ಬಳಸುವದು ಸರಾಗ. ಲಿನಕ್ಸಿನಲ್ಲಿಯೂ 2016ರಿಂದ ಗ್ನೋಮಿನ ಫೈಲು ಕಿಟಕಿಯೇ ಗಂಟು ಬಿಚ್ಚುವದನ್ನು ಕಲಿತಿದೆಯಾಗಿ ದಾರಿ ಮೊದಲಿಗಿಂತ ಹಸನಾಗಿದೆ. ಆದರೆ ಕರೆಂಟು ಹೋದಾಗ, ಡಿಸ್ಕು ತುಂಬಿದಾಗ ಎರಡರ ಪಾಡೂ ಒಂದೇ. ‘ಇದೆಲ್ಲ ಕಂಪ್ಯೂಟರ್ ಆಪರೇಟರ ಕೆಲಸ’ ಎಂಬುದು ಕೊನೆಯ ಆಕ್ಷೇಪ. ಆಪರೇಟರು ಗಂಟನ್ನು ಬಿಚ್ಚಬಲ್ಲರು. ಗಂಟಿನೊಳಗಿದ್ದ ಹಾಡಿನ ಬೆಲೆ ಅದನ್ನು ಹಾಡಿಸಿಕೊಂಡು ಬಂದವನಿಗೆ ಮಾತ್ರ ಗೊತ್ತು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಆ ಸಂಸ್ಥೆಯವರು ಸೂಚನೆಯನ್ನು ಓದದೆ ಮುಚ್ಚಿದರೆಂದೆನಷ್ಟೆ. ಅವರನ್ನು ಹಳಿಯುವದು ಸುಲಭ. ಆದರೆ ಸೂಚನೆ ಇದ್ದದ್ದು ಅವರಿಗೆ ಸರಿಯಾಗಿ ಬಾರದ ಭಾಷೆಯಲ್ಲಿ. ನಿಜಾಮರ ಆಳಿಕೆಯಲ್ಲಿ ನಮ್ಮ ಅಜ್ಜಂದಿರ ಕಾಲದ ಸರಕಾರಿ ಕಾಗದಗಳು ಉರ್ದುವಿನಲ್ಲಿರುತ್ತಿದ್ದವು. ಒಕ್ಕಲಿಗನು ಅದರಲ್ಲೇನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದನು. ರಾಯಚೂರು ಜಿಲ್ಲೆಯು 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿತು. ಕಾಗದ ಕನ್ನಡಕ್ಕೆ ಬಂದಿತು. ಈಗ ಪರದೆಯು ಇಂಗ್ಲಿಷಿನಲ್ಲಿದೆ. ‘ಓಕೆ’ ಎಂಬ ಗುಂಡಿಯನ್ನು ಒತ್ತುವ ಬೆರಳಿಗೂ ಅಂದಿನ ಹೆಬ್ಬೆಟ್ಟಿಗೂ ನನಗೆ ಬಹಳ ಅಂತರ ಕಾಣುವದಿಲ್ಲ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಗ್ನೋಮ್ ಮೊದಲಾದ ಮುಕ್ತ ತಂತ್ರಾಂಶಗಳ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಸ್ವಯಂಸೇವಕರು ಮಾಡುತ್ತ ಬಂದಿದ್ದಾರೆ; ಯಾರು ಬೇಕಾದರೂ ಕೈಗೂಡಿಸಬಹುದು. ಅದಕ್ಕೆ ಪ್ರೋಗ್ರಾಮು ಬರೆಯುವ ಜಾಣ್ಮೆ ಬೇಡ. ಬೇಕಾದದ್ದು ಎರಡೂ ಭಾಷೆಗಳ ಮೇಲೆ ಹಿಡಿತ, ಓದುವವನ ಮೇಲೆ ಕರುಣೆ. ಈ ಎರಡನ್ನೂ ಕಲಿಸುವದೇ ನಮ್ಮ ಕಲಾ ವಿಭಾಗದ ಉದ್ದೇಶವೆಂದು ನಮ್ಮ ಅಧ್ಯಾಪಕರು ಹೇಳುತ್ತಿರುತ್ತಾರೆ. ‘ಅನುಮತಿ ನಿರಾಕರಿಸಲಾಗಿದೆ’ ಎಂಬ ಒಣ ಮಾತಿಗಿಂತ ‘ಈ ಫೋಲ್ಡರಿನಲ್ಲಿ ಬರೆಯಲು ನಿಮಗೆ ಹಕ್ಕಿಲ್ಲ, ಇದರ ಮೇಲ್ವಿಚಾರಕರನ್ನು ಕೇಳಿರಿ’ ಎಂಬುದು ಎಷ್ಟು ಮಿಗಿಲು!

ಆದುದರಿಂದ ನಮ್ಮ ಅಧ್ಯಾಪಕ ವರ್ಗದವರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಮೂರು. ಮೊದಲನೆಯದಾಗಿ, ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಹಚ್ಚಬೇಕು: ಗಂಟು ನೆಟ್ಟಗಿದೆಯೇ? ಎರಡೂ ಕಡೆ ಜಾಗವಿದೆಯೇ? ಬರೆಯುವ ಹಕ್ಕಿದೆಯೇ? ಹೆಸರುಗಳು ಹಿಡಿಸುತ್ತವೆಯೇ? ದಾರಿ ಗಟ್ಟಿಯಿದೆಯೇ? ಎರಡನೆಯದಾಗಿ, ವಿದ್ಯಾರ್ಥಿಗಳ ಸಂಗ್ರಹವು ಬಂದಾಗ ಗ್ರಂಥಾಲಯದಲ್ಲಿ ಒಂದು ವಹಿಯನ್ನಿಟ್ಟು, ಕಳಿಸಿದ ಎಣಿಕೆ, ಮುಟ್ಟಿದ ಎಣಿಕೆಗಳನ್ನು ಬರೆದು ಇಬ್ಬರು ಸಹಿ ಮಾಡುವವರೆಗೆ ಮೂಲ ಗಂಟನ್ನು ಅಳಿಸಕೂಡದು. ಅಳಿಸುವ ಮೊದಲು ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು. ದೊರೆಯ ಮಾತು ಒಂದೇ ಕಲ್ಲಿನ ಮೇಲಿದ್ದಿದ್ದರೆ ನಮಗೆ ಎಷ್ಟು ಉಳಿಯುತ್ತಿತ್ತೋ ಬಲ್ಲವರಾರು? ಮೂರನೆಯದಾಗಿ, ಕನ್ನಡ ಸಂಘದ ವರ್ಷದ ಕಾರ್ಯಕ್ರಮಗಳಲ್ಲಿ ಒಂದು ದಿನವನ್ನು ಯಂತ್ರದ ಸೂಚನೆಗಳ ಅನುವಾದಕ್ಕೆ ಮೀಸಲಿಡಬೇಕು. ಭಾಷಣಗಳಲ್ಲಿ ಒಂದು ಕಡಿಮೆಯಾದರೆ ಕನ್ನಡಕ್ಕೆ ಹಾನಿಯಿಲ್ಲ.

ನಮ್ಮ ಹಳ್ಳಿಗಳಲ್ಲಿ ಹಾಡುವ ಹಿರಿಯರು ಇನ್ನೂ ಇದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ನಮ್ಮಲ್ಲಿ ಅನೇಕರು ಮೊಬೈಲು ಹಿಡಿದು ಅವರ ಕಟ್ಟೆಯ ಮುಂದೆ ಕೂಡ್ರುವವರೇ. ಅವರು ನಮ್ಮನ್ನು ನಂಬಿ ಹಾಡುತ್ತಾರೆ. ಆ ನಂಬಿಕೆಯು ಮೊಬೈಲಿನಿಂದ ಗಂಟಿಗೆ, ಗಂಟಿನಿಂದ ದೂರದ ಫೋಲ್ಡರಿಗೆ ಇಳಿಯುವವರೆಗೂ ಅದನ್ನು ಕಾಯುವ ಹೊಣೆ ನಮ್ಮದು. ತಂದದ್ದನ್ನು ಎಣಿಸಿ ಇಳಿಸಿಕೊಳ್ಳೋಣ. ಎಣಿಕೆ ತಾಳೆಯಾಗುವ ತನಕ ಮೂಲವನ್ನು ಅಳಿಸದಿರೋಣ.